ಹೊಲದಾಗ ಹತ್ತಿ, ಸ್ಕ್ರೀನ್ ಮ್ಯಾಲ ತೊಗರಿ

ಹೋದ ವರ್ಷ ಮುಂಗಾರು ಮುಗಿಯೋ ಹೊತ್ತಿಗೆ, ಇಂಟರ್ನಲ್ಸ್ ಹಿಂದಿನ ರಾತ್ರಿ, ಸಿರವಾರದಿಂದ ನಮ್ಮ ರೂಮಿಗೆ ಒಂದು ಫೋಟೊ ಬಂತು. ನಮ್ಮ ರೂಮು ಅಂದ್ರೆ ಹಾಸ್ಟೆಲ್‌ನ ಮೂರನೇ ಮಹಡಿ, ಮೂರು ಮಂಚ, ಒಬ್ಬ ಸಿರವಾರದವ, ಒಬ್ಬ ದೇವದುರ್ಗದವ, ಒಬ್ಬ ಮಾನ್ವಿಯವ. ಕಾಲೇಜಿನಲ್ಲಿ ನಮ್ಮನ್ನು 'ರಾಯಚೂರು ರೂಮು' ಅಂತಲೇ ಕರೆಯೋದು. ಫೋಟೊ ಕಳಿಸಿದವರು ಸಿರವಾರದವನ ಕಾಕಾ. ಅದರಲ್ಲಿ ಒಂದು ಮೊಬೈಲ್ ಸ್ಕ್ರೀನು, ಅದರೊಳಗೆ ಅವರ ಸರ್ವೆ ನಂಬರು, ಅದರ ಮುಂದೆ ಬೆಳೆಯ ಹೆಸರು: ತೊಗರಿ. ಕಾಕಾ ಹಾಕಿದ್ದು ಹತ್ತಿ. ಕೆಳಗೆ ವಾಯ್ಸ್ ಮೆಸೇಜು: "ಹೊಲದಾಗ ಹತ್ತಿ ಅದ, ಇದ್ರಾಗ ತೊಗರಿ ಅಂತ ಬಂದದ. ವಿಮಾ ಹತ್ತಿಗೆ ಕಟ್ಟೀನಿ. ನೀವು ಮೂರೂ ಮಂದಿ ಕಂಪ್ಯೂಟರ್ ಓದಾಕತ್ತೀರಲ್ಲಪಾ, ಇದನ್ನೊಂದೀಟು ಸರಿ ಮಾಡ್ರಿ."

ನಾವು ಮೂವರೂ ಕಂಪ್ಯೂಟರ್ ಸೈನ್ಸ್. ಒಬ್ಬನ ರೆಸ್ಯೂಮೆಯಲ್ಲಿ ಮಷಿನ್ ಲರ್ನಿಂಗ್ ಇದೆ, ಇನ್ನೊಬ್ಬನದ್ದರಲ್ಲಿ ಫುಲ್ ಸ್ಟ್ಯಾಕ್. ಏನಾಗಿರಬಹುದು ಅಂತ ಊಹಿಸೋಕೆ ನಮಗೆ ಹತ್ತು ನಿಮಿಷ ಸಾಕಾಯಿತು. ಫೋಟೊ ತೆಗೆಯಲು ಬಂದ ಹುಡುಗ ಬದುವಿನ ಮೇಲೆ ನಿಂತಿದ್ದಾನೆ, ಆಚೆ ಹೊಲದಲ್ಲಿ ತೊಗರಿ ಇದೆ, ಜಿಪಿಎಸ್ ಹತ್ತಿಪ್ಪತ್ತು ಅಡಿ ಆಚೀಚೆ ತೋರಿಸಿದೆ. ಅಥವಾ ಕರಿ ಮಣ್ಣಿನಲ್ಲಿ ಮಳೆ ಬಂದ ಮೇಲೆ ಒಳಗೆ ಹೆಜ್ಜೆ ಇಡೋದು ಯಾರಿಗೂ ಬೇಡವಾಗಿದೆ. ಅಲ್ಲಿಗೆ ನಮ್ಮ ಬುದ್ಧಿ ಮುಗೀತು. ಇದನ್ನು ಯಾರಿಗೆ ಬರೆಯಬೇಕು, ಎಷ್ಟು ದಿನದೊಳಗೆ ಬರೆಯಬೇಕು, ಬರೆದರೆ ಏನು ಸಾಕ್ಷಿ ಕೊಡಬೇಕು, ಸ್ಕ್ರೀನ್ ಮೇಲೆ ಬಂದದ್ದೇ ಕೊನೆಯ ಮಾತಾ? ಒಂದೂ ಗೊತ್ತಿಲ್ಲ.

ಮಾನ್ವಿಯವನ ಸೋದರತ್ತೆಯ ಮಗ ಎಲ್‌ಎಲ್‌ಬಿ ಓದುತ್ತಿದ್ದಾನೆ. ಅವನಿಗೆ ಫೋನ್ ಮಾಡಿದೆವು. ತಕರಾರು ಅರ್ಜಿ ಹೇಗೆ ಬರೆಯಬೇಕು, ಸ್ವೀಕೃತಿ ಯಾಕೆ ತೊಗೋಬೇಕು ಅಂತ ಪಟಪಟ ಹೇಳಿದ. ಆದರೆ 'ಆ ಫೋಟೊದೊಳಗೇ ಅಕ್ಷಾಂಶ ರೇಖಾಂಶ ಇರುತ್ತೆ, ಅದನ್ನು ತೆಗೆದು ನೋಡಿದ್ರೆ ಹುಡುಗ ಎಲ್ಲಿ ನಿಂತಿದ್ದ ಅಂತ ತಿಳಿಯುತ್ತೆ' ಅಂತ ನಾವು ಅಂದಾಗ ಅವನು ಸುಮ್ಮನಾದ. ನಮಗೆ ಅರ್ಜಿ ಗೊತ್ತಿಲ್ಲ, ಅವನಿಗೆ ಮೆಟಾಡೇಟಾ ಗೊತ್ತಿಲ್ಲ. ನಡುವೆ ಕಾಕಾ, ಅವರ ಹತ್ತಿ.

ಇದೇ ಹೊತ್ತಿಗೆ ಕ್ಯಾಂಪಸ್‌ನಲ್ಲಿ ಹೊಸ ತರಹದ ಸ್ನಾತಕೋತ್ತರ ಕೋರ್ಸುಗಳ ಮಾತು ಜೋರಾಗಿದೆ. ತಂತ್ರಜ್ಞಾನದ ಕಾನೂನು, ಜೊತೆಗೆ ಕೋಡಿಂಗ್, ಜೊತೆಗೆ 'ಇನ್ನೋವೇಶನ್ ಲೀಡರ್‌ಶಿಪ್', ಮೂರನ್ನೂ ಒಂದೇ ತಟ್ಟೆಯಲ್ಲಿ ಬಡಿಸುವ ಕೋರ್ಸು. ಬ್ರೋಶರ್‌ಗಳಲ್ಲಿ ಗಾಜಿನ ಕಟ್ಟಡ, ನಗುವ ಮುಖಗಳು. ಸೀನಿಯರ್‌ಗಳು ಎರಡು ಪಂಗಡ. 'ಎಂ.ಟೆಕ್ ಬಿಟ್ಟು ಲಾಯರ್ ಆಗೋದಾ?' ಅನ್ನೋರು ಒಂದು ಕಡೆ, 'ಇನ್ಮೇಲೆ ಎಐ ಕೋಡ್ ಬರೆಯುತ್ತೆ, ಕಾನೂನು ಕಲಿತವನೇ ಜಾಣ' ಅನ್ನೋರು ಇನ್ನೊಂದು ಕಡೆ. ನಮಗೆ ಎರಡೂ ಒಪ್ಪಿಗೆಯಿಲ್ಲ. ಈ ಮೂರರ ಜೋಡಣೆ ನಮ್ಮಂಥವರಿಗೆ ಬೇಕೇ ಬೇಕು ಅನ್ನೋದು ನಮ್ಮ ಅಭಿಪ್ರಾಯ. ಆದರೆ ಬ್ರೋಶರ್ ಹೇಳೋ ಕಾರಣಕ್ಕಲ್ಲ, ಅದು ಹೇಳೋ ಜಾಗದಲ್ಲೂ ಅಲ್ಲ.

ಮೊದಲು ನಾವು ಕಾನೂನನ್ನು ಎಷ್ಟು ಕಲಿತಿದ್ದೇವೆ ನೋಡೋಣ. ವಿಟಿಯುನ 2018ರ ಸ್ಕೀಮಿನಲ್ಲಿ 'ಭಾರತದ ಸಂವಿಧಾನ, ವೃತ್ತಿ ನೀತಿ ಮತ್ತು ಸೈಬರ್ ಕಾನೂನು' ಅಂತ ಒಂದು ವಿಷಯ ಇತ್ತು. ಒಂದೇ ಕ್ರೆಡಿಟ್ಟು, ಉತ್ತರ ಆರಿಸೋ ಪ್ರಶ್ನೆಗಳು, ಓಎಂಆರ್ ಶೀಟು. ಸೀನಿಯರ್‌ಗಳು ಹಿಂದಿನ ರಾತ್ರಿ ಪಿಡಿಎಫ್ ಓದಿ, ಬೆಳಗ್ಗೆ ಗುಂಡಿ ತುಂಬಿ, ಮಧ್ಯಾಹ್ನ ಮರೆತರು. ಈಗಿನ ಸ್ಕೀಮುಗಳಲ್ಲಿ ಸಂವಿಧಾನ ಒಂದು ಕಡೆ, ರಿಸರ್ಚ್ ಮೆಥಡಾಲಜಿ ಜೊತೆ ಐಪಿಆರ್ ಇನ್ನೊಂದು ಕಡೆ. ಪಾಠದ ತಪ್ಪು ಅಂತ ನಾವು ಹೇಳೋಲ್ಲ, ನಾವೂ ಅಷ್ಟೇ. ಗಿಟ್‌ಹಬ್‌ನಿಂದ ಫೈನಲ್ ಇಯರ್ ಪ್ರಾಜೆಕ್ಟ್ ಎತ್ತಿಕೊಂಡು ಬಣ್ಣ ಬದಲಾಯಿಸಿ ಸಬ್ಮಿಟ್ ಮಾಡೋದು ನಮ್ಮಲ್ಲಿ ಗುಟ್ಟೇನಲ್ಲ. ಆ ಕೋಡಿನಲ್ಲಿ ಲೈಸೆನ್ಸ್ ಫೈಲ್ ಇಲ್ಲ ಅಂದ್ರೆ 'ಫ್ರೀ' ಅಂತ ನಾವು ತಿಳಿದಿದ್ದೆವು. ಉಲ್ಟಾ. ಲೈಸೆನ್ಸ್ ಇಲ್ಲದ ಕೋಡಿನ ಎಲ್ಲ ಹಕ್ಕೂ ಬರೆದವರದ್ದೇ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮು 'ಸಾಹಿತ್ಯ ಕೃತಿ'. ಹೌದು, ನಿಮ್ಮ ಪೈಥಾನ್ ಸ್ಕ್ರಿಪ್ಟು ಕಾನೂನಿನ ಕಣ್ಣಿಗೆ ಕಾದಂಬರಿಯ ಸಾಲಿನಲ್ಲೇ ಕೂರುತ್ತೆ. ಕನ್ನಡ ಬಳಗದವರು ಇದಕ್ಕಾದರೂ ಖುಷಿಪಡಬೇಕು.

ಈಗ ನಮ್ಮ ಊರಿನ ಕಡೆಗೇ ಬರೋಣ. ಕಾನೂನು, ಕೋಡು, ಮುಂದಾಳುತನ ಮೂರೂ ಕೂಡಿದರೆ ಏನಾಗುತ್ತೆ ಅನ್ನೋದಕ್ಕೆ ಹೊರದೇಶದ ಉದಾಹರಣೆ ಬೇಕಿಲ್ಲ. 'ಭೂಮಿ' ಯೋಜನೆ ಕರ್ನಾಟಕದ್ದೇ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಆಗ ಸಿರವಾರ ತಾಲ್ಲೂಕು ಆಗಿರಲಿಲ್ಲ, ಮಾನ್ವಿ ತಾಲ್ಲೂಕಿನೊಳಗೆ ಇತ್ತು. ಹಾಗಾಗಿ ಸಿರವಾರದವರು ಪಹಣಿಗೆ ಮಾನ್ವಿಗೆ ಬಸ್ ಹತ್ತಬೇಕಿತ್ತು. 2017ರ ಬಜೆಟ್ಟಿನಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಸಿರವಾರವೂ ಒಂದು. (ನಮ್ಮ ರೂಮಿನ ಮಾನ್ವಿಯವ ಈಗಲೂ 'ನಿಮ್ಮನ್ನ ನಾವೇ ಸಾಕಿದ್ದು' ಅಂತ ಕಾಲೆಳೆಯುತ್ತಾನೆ.)

ಆದರೆ ಭೂಮಿಯಲ್ಲಿ ನಮಗೆ ಮೆಚ್ಚುಗೆಯಾದದ್ದು ಆ 2 ಕೋಟಿ ಅಲ್ಲ. ಡೇಟಾ ಎಂಟ್ರಿ ಯಾರಾದರೂ ಮಾಡಿಸುತ್ತಾರೆ. ಎರಡು ಸಣ್ಣ ನಿರ್ಧಾರಗಳಿವೆ. ಒಂದು, ಖಾತೆ ಬದಲಾವಣೆಯ ಅರ್ಜಿಗಳನ್ನು ಸಾಫ್ಟ್‌ವೇರು ಬಂದ ಕ್ರಮದಲ್ಲೇ ತೆಗೆದುಕೊಳ್ಳುತ್ತೆ. ಮೊದಲು ಬಂದವರಿಗೆ ಮೊದಲು. ನಾವು ಎರಡನೇ ವರ್ಷದ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದೋ ಕ್ಯೂ ಅದೇ, ಬೇರೇನೂ ಅಲ್ಲ. ಆದರೆ ತಾಲ್ಲೂಕು ಕಚೇರಿಯಲ್ಲಿ ಆ ಕ್ಯೂ ಕೂತಾಗ 'ನಿಂದು ಆಮ್ಯಾಲ ನೋಡೋಣ' ಅನ್ನೋ ಮಾತಿನ ಕೈ ಕಟ್ಟಿತು. ಯಾರು ಯಾವ ಬದಲಾವಣೆ ಮಾಡಿದರು ಅಂತ ತಿಳಿಯಲು ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಇನ್ನೊಂದು, ಕಂಪ್ಯೂಟರ್ ಪಹಣಿ ಶುರುವಾದ ಕಡೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಸರ್ಕಾರ ಆದೇಶ ಹೊರಡಿಸಿತು. ಈ ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಪ್ರದರ್ಶನದ ವಸ್ತು ಆಗಿರುತ್ತಿತ್ತು. ಕಂಪ್ಯೂಟರ್ ಒಂದು ಕಡೆ, ಹಳೆ ವಹಿ ಒಂದು ಕಡೆ, ಮಂದಿ ಹಳೆ ವಹಿಯ ಹಿಂದೆಯೇ ಓಡಾಡುತ್ತಿದ್ದರು. ಕೋಡು ಬರೆದವರಿಗೂ ಆದೇಶ ಬರೆದವರಿಗೂ ಒಬ್ಬರ ಕೆಲಸ ಒಬ್ಬರಿಗೆ ಅರ್ಥವಾಗಿತ್ತು ಅನ್ನೋದು ಇದರಿಂದ ತಿಳಿಯುತ್ತೆ. ಭೂಮಿಗೆ ಟೀಕೆಯೂ ಬಂದಿದೆ. ದಾಖಲೆ ಒಂದೇ ಕಡೆ ಸಿಗುವಂತಾದಾಗ ಬೆಂಗಳೂರಿನ ಸುತ್ತಮುತ್ತ ಅದರ ಲಾಭ ದೊಡ್ಡ ಕುಳಗಳಿಗೆ ಹೆಚ್ಚಾಯಿತು ಅಂತ ಅಧ್ಯಯನ ಮಾಡಿದವರು ಬರೆದಿದ್ದಾರೆ. ಆ ಟೀಕೆಯನ್ನೂ ಪಾಠದಲ್ಲಿ ಓದಬೇಕು ಅಂತಲೇ ನಮ್ಮ ಮಾತು.

ಕರ್ನಾಟಕ ಭೂಕಂದಾಯ ಕಾಯ್ದೆ 1964ರದ್ದು. ಅದರ 133ನೇ ಕಲಂ ಓದಿದಾಗ ನಾವು ಎದ್ದು ಕೂತೆವು. ಹಕ್ಕು ದಾಖಲೆಯಲ್ಲಿ ಬರೆದಿರೋದು, ತಪ್ಪು ಅಂತ ಸಾಬೀತಾಗೋವರೆಗೂ, ಸರಿ ಅಂತಲೇ ಭಾವಿಸಬೇಕು ಅನ್ನೋದು ಅದರ ಸಾರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡಿಫಾಲ್ಟ್ ವ್ಯಾಲ್ಯೂ 'ಟ್ರೂ'. ಬದಲಾಯಿಸಬೇಕು ಅಂದ್ರೆ ಹೊರೆ ನಿಮ್ಮ ಮೇಲೆ. 136ನೇ ಕಲಂನಲ್ಲಿ ಮೇಲ್ಮನವಿಯ ದಾರಿ ಇದೆ, ಉಪವಿಭಾಗಾಧಿಕಾರಿಗಳ ಹತ್ತಿರ. ದಾಖಲೆಗೆ ಇಂಥ ಬಲ ಕೊಡದೇ ಇದ್ದರೆ ಯಾವ ವ್ಯವಹಾರವೂ ನಡೆಯೋಲ್ಲ, ಅದು ಸರಿ. ಆದರೆ ಆ ದಾಖಲೆಗೆ ಡೇಟಾ ತುಂಬುವ ಫಾರಂ ಡಿಸೈನ್ ಮಾಡೋನಿಗೆ, ತಾನು ಬರೆಯೋ ಒಂದೊಂದು ಡ್ರಾಪ್‌ಡೌನ್ ಹಿಂದೆಯೂ ಕಾನೂನು ನಿಲ್ಲುತ್ತೆ ಅಂತ ಗೊತ್ತಿರಬೇಡವಾ?

ಗೊತ್ತಿಲ್ಲದಿದ್ದರೆ ಏನಾಗುತ್ತೆ ಅಂತ ಬ್ರಿಟನ್ ತೋರಿಸಿದೆ. ಅಲ್ಲಿನ ಅಂಚೆ ಕಚೇರಿಗಳಿಗೆ 1999ರಿಂದ 'ಹೊರೈಜನ್' ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಂತು. ಕಡಿಮೆ ಇಲ್ಲದ ಕಡೆ ಹಣ ಕಡಿಮೆ ಇದೆ ಅಂತ ತೋರಿಸತೊಡಗಿತು. ನಡೆಸುತ್ತಿದ್ದ ಸಣ್ಣ ಸಣ್ಣ ಪೋಸ್ಟ್‌ಮಾಸ್ಟರ್‌ಗಳ ಮೇಲೆ ಕಳ್ಳತನದ, ಸುಳ್ಳು ಲೆಕ್ಕದ ಕೇಸು ಹಾಕಿದರು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಜೈಲಿಗೆ ಹೋದರು, ಮನೆ ಮಾರಿದರು, ಕೆಲವರು ಜೀವ ತೆಗೆದುಕೊಂಡರು. ಅಲ್ಲೂ ಇದೇ ನಂಬಿಕೆ: ಕಂಪ್ಯೂಟರ್ ಸರಿಯಾಗೇ ಕೆಲಸ ಮಾಡಿರುತ್ತೆ, ಇಲ್ಲ ಅನ್ನೋನು ತೋರಿಸಲಿ. ಹಳ್ಳಿಯ ಪೋಸ್ಟ್‌ಮಾಸ್ಟರ್ ಎಲ್ಲಿಂದ ತೋರಿಸಬೇಕು? ಲಾಗ್ ಅವನ ಕೈಯಲ್ಲಿಲ್ಲ. 2019ರಲ್ಲಿ ಕೋರ್ಟು ಆ ಸಾಫ್ಟ್‌ವೇರಿನಲ್ಲಿ ಬಗ್‌ಗಳು ಇದ್ದವು ಅಂತ ಹೇಳಿತು. 2024ರಲ್ಲಿ ಪಾರ್ಲಿಮೆಂಟು ಕಾಯ್ದೆ ತಂದು ಶಿಕ್ಷೆಗಳನ್ನು ಒಟ್ಟಿಗೆ ರದ್ದು ಮಾಡಬೇಕಾಯಿತು. ಆ ಇಪ್ಪತ್ತು ವರ್ಷದಲ್ಲಿ ಬಗ್ ಗೊತ್ತಿದ್ದ ಎಂಜಿನಿಯರುಗಳು ಇರಲಿಲ್ಲವಾ? ಇದ್ದರು. ಬಗ್ ಇದ್ದದ್ದನ್ನು ಕೋರ್ಟಿಗೆ ತಿಳಿಯೋ ಮಾತಿನಲ್ಲಿ ಸಮಯಕ್ಕೆ ಸರಿಯಾಗಿ ಹೇಳುವ ಧೈರ್ಯ ಮತ್ತು ಭಾಷೆ, ಎರಡೂ ಅಲ್ಲಿ ಇರಲಿಲ್ಲ. ಈ ಕಥೆ ಓದಿದ ರಾತ್ರಿ ನಮಗೆ ಕಾಕಾರ ಸ್ಕ್ರೀನ್‌ಶಾಟು ಬೇರೆ ಥರ ಕಂಡಿತು.

ನಮ್ಮಲ್ಲಿ ಕಾನೂನೇ ಈಗ ನಮ್ಮ ಸಿಲಬಸ್ಸಿನ ಹತ್ತಿರ ಬರುತ್ತಿದೆ. 2024ರ ಜುಲೈ 1ರಿಂದ ಹಳೇ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಂ ಪ್ರಕಾರ ಮೊಬೈಲು, ಸರ್ವರು, ಪೆನ್‌ಡ್ರೈವ್‌ನಿಂದ ತೆಗೆದ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಒಂದು ಪ್ರಮಾಣಪತ್ರ ಲಗತ್ತಿಸಬೇಕು. ಅದಕ್ಕೆ ಎರಡು ಭಾಗ. ಒಂದು ದಾಖಲೆ ಕೊಡೋ ವ್ಯಕ್ತಿಯದ್ದು, ಇನ್ನೊಂದು ತಜ್ಞರದ್ದು. ಆ ನಮೂನೆಯಲ್ಲಿ ಹ್ಯಾಶ್ ವ್ಯಾಲ್ಯೂ ಬರೆಯೋ ಜಾಗ ಇದೆ. ಯಾವ ಅಲ್ಗಾರಿದಮ್ಮು? ಶಾ-1, ಶಾ-256, ಎಂಡಿ-5, ಅಥವಾ ಬೇರೆ, ಟಿಕ್ ಮಾಡಿ. ನಾವು ಕ್ರಿಪ್ಟೋಗ್ರಫಿ ಲ್ಯಾಬಿನಲ್ಲಿ ಔಟ್‌ಪುಟ್ ಪ್ರಿಂಟ್ ತೆಗೆದು ರೆಕಾರ್ಡ್ ಬುಕ್ಕಿಗೆ ಅಂಟಿಸೋ ಶಾ-256 ಈಗ ದೇಶದ ಕಾಯ್ದೆಯ ಅನುಸೂಚಿಯೊಳಗೆ ಇದೆ. ಎಂಡಿ-5 ಒಡೆದು ಹೋಗಿ ಎಷ್ಟು ವರ್ಷ ಆಯಿತು ಅಂತ ನಮ್ಮ ಮೇಡಂ ಪಾಠ ಮಾಡಿದ್ದಾರೆ. ಅದು ಇನ್ನೂ ಪಟ್ಟಿಯಲ್ಲಿದೆ ಅಂತ ಯಾರು ಕೇಳಬೇಕು? ವಕೀಲರಿಗೆ ಆ ಪ್ರಶ್ನೆ ಹೊಳೆಯೋದು ಕಷ್ಟ. ನಮಗೆ ಹೊಳೆದರೂ ಕೇಳೋ ಜಾಗ ಗೊತ್ತಿಲ್ಲ. ಒಂದೊಂದು ಜಿಲ್ಲಾ ಕೋರ್ಟಿನಲ್ಲೂ, ರಾಯಚೂರಿನಲ್ಲೂ, ಈ ಎರಡನೇ ಭಾಗಕ್ಕೆ ಸಹಿ ಹಾಕಬಲ್ಲ ಜನ ಬೇಕಾಗುತ್ತಾರೆ.

ಖಾಸಗಿತನದ ಮಾತು ಬಂದಾಗ ಕನ್ನಡ ನಾಡಿನ ಒಬ್ಬ ಅಜ್ಜನನ್ನು ನೆನೆಯದೆ ಇರೋಕಾಗಲ್ಲ. ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು ಅವರ ಹೆಸರಿನ ಕೇಸಿನಲ್ಲೇ. ನಾವು ಇಪ್ಪತ್ತರ ಹರೆಯದಲ್ಲಿ 'ಐ ಅಗ್ರೀ' ಒತ್ತಿ ಮುಂದೆ ಹೋಗುತ್ತೇವೆ, ಅವರು ಎಂಬತ್ತು ದಾಟಿದ ಮೇಲೆ 'ಯಾಕೆ ಒತ್ತಬೇಕು?' ಅಂತ ಕೇಳಿದರು. ಆ ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಕಂಪನಿಗಳ ಮೇಲಿನ ಬಹುತೇಕ ಹೊಣೆಗಳು ಜಾರಿಯಾಗಲು 18 ತಿಂಗಳ ಗಡುವು ಕೊಟ್ಟಿದ್ದಾರೆ. ಡೇಟಾ ಕಾಯದೇ ಸೋರಲು ಬಿಟ್ಟರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಅದಕ್ಕಿಂತ ನಮಗೆ ಇಷ್ಟವಾದದ್ದು ಬೇರೆ: ಒಪ್ಪಿಗೆ ಕೇಳೋ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು ಅಂತ ಕಾಯ್ದೆ ಹೇಳುತ್ತೆ. ಅಂದ್ರೆ ಕನ್ನಡದಲ್ಲಿ. ಇದನ್ನು ಯಾರು ಬರೆಯುತ್ತಾರೆ? ಮಷಿನ್ ಟ್ರಾನ್ಸ್‌ಲೇಶನ್ನಿನಲ್ಲಿ ಹಾಕಿ ತೆಗೆದರೆ ಆಗೋ ಅವಾಂತರ ನಾವು ಬ್ಯಾಂಕ್ ಎಟಿಎಮ್‌ಗಳಲ್ಲಿ ನೋಡಿದ್ದೇವೆ. ಕಾನೂನು ಗೊತ್ತಿದ್ದು, ಆ್ಯಪ್ ಹೇಗೆ ಡೇಟಾ ಎತ್ತುತ್ತೆ ಅಂತ ಗೊತ್ತಿದ್ದು, ಸಿರವಾರದ ಕಾಕಾಗೆ ತಿಳಿಯೋ ಕನ್ನಡ ಬರೆಯಬಲ್ಲವರು ಬೇಕು. ಕನ್ನಡ ಬಳಗದ ಹುಡುಗರು ಹುಡುಗಿಯರು 'ಕನ್ನಡ ಕಲಿತ್ರೆ ಕೆಲಸ ಎಲ್ಲಿದೆ' ಅಂತ ಕೊರಗೋದನ್ನು ಸ್ವಲ್ಪ ನಿಲ್ಲಿಸಿ ಇತ್ತ ನೋಡಬಹುದು.

ಸರಿ, ಮೂರನೇ ಪದಕ್ಕೆ ಬರೋಣ. ಇನ್ನೋವೇಶನ್ ಲೀಡರ್‌ಶಿಪ್. ಇದರ ಮೇಲೆ ನಮಗೆ ಅನುಮಾನ ಜಾಸ್ತಿ. ಎರಡು ದಿನದ ವರ್ಕ್‌ಶಾಪು, ಗೋಡೆ ತುಂಬ ಬಣ್ಣದ ಚೀಟಿ, ಕೊನೆಗೆ ಸರ್ಟಿಫಿಕೇಟು. ನಮ್ಮ ಕ್ಯಾಂಪಸ್ಸಿನಲ್ಲೇ ಅಂಥವು ಸಾಕಷ್ಟು ಆಗಿವೆ, ನಮ್ಮ ಲಿಂಕ್ಡ್‌ಇನ್‌ನಲ್ಲೂ ಇವೆ, ಸುಳ್ಳು ಯಾಕೆ. ಮುಂದಾಳುತನ ಕಲಿಸುವುದಾದರೆ 'ಕೈಬರಹದ ಪಹಣಿ ಇನ್ನು ನಡೆಯೋಲ್ಲ' ಅಂತ ಆದೇಶ ಹೊರಡಿಸುವ ಮುಂಚೆ ಎಷ್ಟು ಜನರನ್ನು ಒಪ್ಪಿಸಬೇಕಾಗುತ್ತೆ, ಯಾರ ಸಿಟ್ಟನ್ನು ಹೊರಬೇಕಾಗುತ್ತೆ ಅಂತ ಕಲಿಸಲಿ. ಹೊಸ ಬಿಲ್ಡ್ ನಾಳೆ ಬಿಡಬೇಕು ಅಂತ ಮ್ಯಾನೇಜರ್ ಕೂತಾಗ 'ಇದರಲ್ಲಿ ತಕರಾರು ಹಾಕೋ ಬಟನ್ ಇಲ್ಲ, ಬಿಡೋದು ಬೇಡ' ಅಂತ ಹೇಳೋದನ್ನು ಕಲಿಸಲಿ. ರಾಜ್ಯದಲ್ಲಿ 2020ರ ಕರ್ನಾಟಕ ಇನ್ನೋವೇಶನ್ ಅಥಾರಿಟಿ ಕಾಯ್ದೆ ಇದೆ. ಇರುವ ಕಾನೂನಿಗೆ ಹೊಂದದ ಹೊಸ ತಂತ್ರಜ್ಞಾನಕ್ಕೆ ಸೀಮಿತ ಅವಧಿಗೆ ವಿನಾಯಿತಿ ಕೊಟ್ಟು ಪ್ರಯೋಗ ಮಾಡಲು ಬಿಡೋ 'ಸ್ಯಾಂಡ್‌ಬಾಕ್ಸ್' ಅದರ ಮೂಲ ಯೋಚನೆ. ಸ್ಟಾರ್ಟಪ್ ಕನಸು ಕಾಣೋ ನಮ್ಮ ಬ್ಯಾಚಿನವರಲ್ಲಿ ಎಷ್ಟು ಜನ ಅದರ ಹೆಸರು ಕೇಳಿದ್ದಾರೆ? ಕೈ ಎತ್ತಿ ಅಂದ್ರೆ ನಾವೂ ಮೊನ್ನೆ ಮೊನ್ನೆಯವರೆಗೆ ಎತ್ತುತ್ತಿರಲಿಲ್ಲ. ಹಾಗೇ ಆನ್‌ಲೈನ್ ಗೇಮಿಂಗ್ ಕಂಪನಿ ಸೇರಿದ ಸೀನಿಯರ್‌ಗಳಿಗೆ ನೆನಪಿರಬಹುದು: ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡೋ ಆನ್‌ಲೈನ್ ಆಟ ನಿಷೇಧಿಸಿತು, 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧ ಕಿತ್ತು ಹಾಕಿತು, 2025ರಲ್ಲಿ ಕೇಂದ್ರವೇ ಹೊಸ ಕಾಯ್ದೆ ತಂದು ಬಾಗಿಲು ಹಾಕಿತು. ನಾಲ್ಕು ವರ್ಷದಲ್ಲಿ ಮೂರು ಸಲ ಕೆಲಸದ ತಳವೇ ಅಲುಗಾಡಿತು, ಕೋಡಿನ ಗುಣ ಒಳ್ಳೆಯದಿತ್ತೋ ಕೆಟ್ಟದಿತ್ತೋ ಯಾರೂ ಕೇಳಲಿಲ್ಲ.

ಈಗ ದಾರಿಗಳು. ಯಾಕಂದ್ರೆ ಆಸೆ ಹುಟ್ಟಿಸಿ ದಾರಿ ಹೇಳದಿದ್ದರೆ ನಾವೂ ಬ್ರೋಶರ್ ಆಗಿಬಿಡುತ್ತೇವೆ.

ಮೊದಲ ತಪ್ಪು ತಿಳಿವಳಿಕೆ: ಬಿ.ಇ. ಮುಗಿಸಿ ನೇರ ಎಲ್‌ಎಲ್‌ಎಂ ಮಾಡಬಹುದು ಅನ್ನೋದು. ನಮ್ಮ ದೇಶದಲ್ಲಿ ಆಗಲ್ಲ, ಎಲ್‌ಎಲ್‌ಬಿ ಬೇಕೇ ಬೇಕು. ಪದವಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌ಬಿ ಇದೆ, ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಶೇ 45 ಅಂಕ ಸಾಕು. ಅದು ರೆಗ್ಯುಲರ್ ಕೋರ್ಸೇ ಆಗಿರಬೇಕು. ದೂರಶಿಕ್ಷಣದ ಎಲ್‌ಎಲ್‌ಬಿ ಹಿಡಿದು ವಕೀಲರಾಗಿ ನೋಂದಾಯಿಸಲು ಬರೋಲ್ಲ. ಐಐಟಿ ಖರಗಪುರದಲ್ಲಿ 2006ರಿಂದ ರಾಜೀವ್ ಗಾಂಧಿ ಬೌದ್ಧಿಕ ಆಸ್ತಿ ಕಾನೂನು ಶಾಲೆ ಇದೆ, ಅಲ್ಲಿನ ಮೂರು ವರ್ಷದ ಎಲ್‌ಎಲ್‌ಬಿ ಶುರುವಾದದ್ದೇ ನಮ್ಮಂಥ ಎಂಜಿನಿಯರಿಂಗ್, ವಿಜ್ಞಾನದವರನ್ನು ಗಮನದಲ್ಲಿಟ್ಟು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ನಡೆಯುತ್ತಿದೆ. ವಕೀಲಿಕೆ ಬೇಡ, ನೀತಿ ನಿರೂಪಣೆ ಸಾಕು ಅನ್ನೋರಿಗೆ ಅಲ್ಲೇ 2014ರಲ್ಲಿ ಶುರುವಾದ ಎರಡು ವರ್ಷದ ಪಬ್ಲಿಕ್ ಪಾಲಿಸಿ ಸ್ನಾತಕೋತ್ತರ ಇದೆ, ಯಾವ ಪದವಿಯವರೂ ಪರೀಕ್ಷೆ ಬರೆಯಬಹುದು. ಕೆಲಸ ಬಿಡಲಾಗದವರಿಗೆ ಸೈಬರ್ ಕಾನೂನು ಮತ್ತು ಸೈಬರ್ ಫೊರೆನ್ಸಿಕ್ಸ್‌ನ ಸ್ನಾತಕೋತ್ತರ ಡಿಪ್ಲೊಮಾ ಇದೆ, ದೂರದಿಂದಲೇ ಓದಬಹುದು. ಐಐಐಟಿ ಬೆಂಗಳೂರು 'ಡಿಜಿಟಲ್ ಸೊಸೈಟಿ' ಅನ್ನೋ ಎಂ.ಎಸ್ಸಿ. ಶುರುಮಾಡಿದ್ದೂ ಇದೇ ಗಡಿಯ ಮೇಲೆ. ಸೇರೋ ಮುಂಚೆ ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ, ಸೀನಿಯರ್ ಹೇಳಿದ್ದು ನಂಬಬೇಡಿ, ನಮ್ಮನ್ನೂ ಸೇರಿಸಿ.

ಇನ್ನೊಂದು ದಾರಿ ತೀರಾ ಕಡಿಮೆ ಜನಕ್ಕೆ ಗೊತ್ತು. ಪೇಟೆಂಟ್ ಏಜೆಂಟ್. 1970ರ ಪೇಟೆಂಟ್ ಕಾಯ್ದೆಯ 126ನೇ ಕಲಂ ಪ್ರಕಾರ ಇದಕ್ಕೆ ಕಾನೂನು ಪದವಿ ಬೇಡ. 21 ತುಂಬಿದ ಭಾರತೀಯರಾಗಿರಬೇಕು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು, ಪೇಟೆಂಟ್ ಕಚೇರಿ ನಡೆಸೋ ಪರೀಕ್ಷೆ ಪಾಸಾಗಬೇಕು. ನೀರಿಲ್ಲದಾಗಲೂ ನಿಲ್ಲೋ ಭತ್ತದ ಕೂರಿಗೆಯೋ, ಹತ್ತಿ ಬಿಡಿಸೋ ಕೈಯಂತ್ರವೋ ನಮ್ಮೂರ ಕಮ್ಮಾರನೊಬ್ಬ ಮಾಡಿದರೆ ಅದರ ಕಾಗದ ಬರೆದುಕೊಡಲು ನೀವೇ ಅರ್ಹರು. ಹಾಗೇ ಅದೇ ಕಾಯ್ದೆಯ 3(ಕೆ) ಕಲಂ ಓದಿಕೊಂಡರೆ 'ನನ್ನ ಆ್ಯಪ್‌ಗೆ ಪೇಟೆಂಟ್ ಬಂತು' ಅಂತ ಹೇಳಿಕೊಂಡು ತಿರುಗೋ ಗೆಳೆಯನನ್ನು ಸುಮ್ಮನಾಗಿಸಬಹುದು. ಬರೀ ಅಲ್ಗಾರಿದಮ್ಮಿಗೆ, ಬರೀ ಪ್ರೋಗ್ರಾಮಿಗೆ ಇಲ್ಲಿ ಪೇಟೆಂಟ್ ಇಲ್ಲ.

ಮನೆಯ ಮಾತು ಇದೆಯಲ್ಲ, ಅದು ಎಲ್ಲಕ್ಕಿಂತ ದೊಡ್ಡದು. ದೇವದುರ್ಗದವನ ಅಪ್ಪ ಕೇಳಿದ್ದು: "ವಕೀಲಕಿ ಮಾಡೋದಿತ್ತಂದ್ರ ನಾಕು ವರ್ಷ ಇಂಜಿನಿಯರಿಂಗ್ ಯಾಕ ಓದಿಸಬೇಕಿತ್ತಪಾ?" ಈ ಪ್ರಶ್ನೆಗೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಸಾಲದ ಕಂತು ಇರೋ ಮನೆಗೆ ಇನ್ನೂ ಮೂರು ವರ್ಷ ಅನ್ನೋದು ಸಣ್ಣ ಮಾತಲ್ಲ. ಹಾಗಾಗಿ 'ಎಲ್ಲರೂ ಇದನ್ನೇ ಓದಿ' ಅಂತ ನಾವು ಹೇಳೋಲ್ಲ. ಕೆಲಸ ಸಿಕ್ಕರೆ ಸೇರಿ, ಎರಡು ವರ್ಷ ದುಡಿದು ಮನೆಯ ಭಾರ ಇಳಿಸಿ, ಆಮೇಲೆ ಓದಿದರೂ ನಡೆಯುತ್ತೆ. ಬಗ್ ರಿಪೋರ್ಟ್ ಬರೆದು ಬೈಸಿಕೊಂಡವನಿಗೆ ಕಾನೂನು ಇನ್ನೂ ಬೇಗ ಹತ್ತುತ್ತೆ. ಆದರೆ ಲಕ್ಷಾಂತರ ಸಾಲ ಮಾಡಿ ಹೊರದೇಶದ ಒಂದು ವರ್ಷದ ಲೀಡರ್‌ಶಿಪ್ ಪದವಿ ತಂದು, ವಾಪಸ್ ಬಂದು ಅದೇ ಟೆಸ್ಟಿಂಗ್ ಕೆಲಸ ಹುಡುಕೋದು ಬೇಡ ಅಂತ ಖಂಡಿತ ಹೇಳುತ್ತೇವೆ.

ಇಲ್ಲಿ ನಮ್ಮ ನಿಜವಾದ ಬೇಡಿಕೆ ಇದೆ. ಇಂಥ ಕೋರ್ಸು ಬೆಂಗಳೂರಿನ ಗಾಜಿನ ಕಟ್ಟಡದಲ್ಲೇ ಯಾಕೆ ಆಗಬೇಕು? ರಾಯಚೂರಿನಲ್ಲಿ ಐಐಐಟಿ ಇದೆ. ಕೃಷಿ ವಿಶ್ವವಿದ್ಯಾಲಯ ಇದೆ. ಕಾನೂನು ಕಾಲೇಜಿದೆ, ಜಿಲ್ಲಾ ಕೋರ್ಟಿದೆ. ಮೂರ್ನಾಲ್ಕು ಸಂಸ್ಥೆಗಳು ಕೂತು ಎರಡು ವರ್ಷದ ಒಂದು ಸ್ನಾತಕೋತ್ತರ ಕಟ್ಟಿದರೆ, ಲ್ಯಾಬು ಹುಡುಕಬೇಕಾಗಿಲ್ಲ. ಸಿರವಾರದ, ದೇವದುರ್ಗದ, ಮಾನ್ವಿಯ ತಾಲ್ಲೂಕು ಕಚೇರಿಗಳೇ ಲ್ಯಾಬು. ಹಳೆಯ ದಾಖಲೆ ಸ್ಕ್ಯಾನ್ ಮಾಡೋ 'ಭೂ ಸುರಕ್ಷಾ' ಕೆಲಸ ರಾಜ್ಯದಲ್ಲಿ ನಡೆದಿದೆ. ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ಹಳೇ ಕಡತಗಳು ಉರ್ದುವಿನಲ್ಲಿವೆ. ಆ ಕೈಬರಹ ಓದೋ ಮಾಡೆಲ್ ತರಬೇತು ಮಾಡೋದು ಒಂದು ಒಳ್ಳೆಯ ಎಂ.ಟೆಕ್ ಪ್ರಾಜೆಕ್ಟು, ಆದರೆ ಆ ಮಾಡೆಲ್ ಒಂದು ಹೆಸರು ತಪ್ಪು ಓದಿದರೆ ಯಾರ ಜಮೀನು ಯಾರ ಪಾಲಾಗುತ್ತೆ, ಅದನ್ನು ಮನುಷ್ಯರೇ ಇನ್ನೊಮ್ಮೆ ನೋಡಬೇಕು ಅನ್ನೋ ನಿಯಮ ಎಲ್ಲಿ ಬರೆಯಬೇಕು, ಇದು ಕಾನೂನಿನ ಪ್ರಾಜೆಕ್ಟು. ಎರಡನ್ನೂ ಒಂದೇ ವಿದ್ಯಾರ್ಥಿ, ಒಂದೇ ಟೇಬಲ್ ಮೇಲೆ ಮಾಡಲಿ. 371(ಜೆ) ಬಂದದ್ದು ನಮಗೆ ಸೀಟು, ನೌಕರಿ ಸಿಗಲಿ ಅಂತ. ಸಿಕ್ಕಿದೆ, ನಮ್ಮ ರೂಮಿನಲ್ಲೇ ಇಬ್ಬರು ಆ ಸರ್ಟಿಫಿಕೇಟ್ ತೋರಿಸಿಯೇ ಬಂದವರು. ಆದರೆ ಸೀಟು ಹಿಡಿದು ಊರು ಬಿಡೋದಷ್ಟೇ ಆದರೆ, ಆ ಊರಿನ ಸ್ಕ್ರೀನುಗಳನ್ನು ಸರಿ ಮಾಡೋರು ಯಾರು?

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಸಣ್ಣದು. ಬಳಗದಲ್ಲಿ ಶನಿವಾರ ಸಂಜೆ ಒಂದು ಗಂಟೆ, ಒಂದು ಕಾಯ್ದೆಯ ನಾಲ್ಕು ಪುಟ ಕನ್ನಡದಲ್ಲಿ ಓದೋದು ಶುರುಮಾಡಿದ್ದೇವೆ. ಹೋದ ವಾರ ಏಳು ಜನ ಬಂದಿದ್ದರು, ಅದರಲ್ಲಿ ಇಬ್ಬರು ಸಮೋಸಾಕ್ಕೆ. ಮುಂದಿನ ಶನಿವಾರ 63ನೇ ಕಲಂ. ಮಾನ್ವಿಯವನ ಆ ಎಲ್‌ಎಲ್‌ಬಿ ಓದೋ ಸಂಬಂಧಿ ವಿಡಿಯೊ ಕಾಲ್‌ನಲ್ಲಿ ಬರುತ್ತಾನೆ, ನಾವು ಅವನಿಗೆ ಹ್ಯಾಶ್ ಅಂದ್ರೇನು ತೋರಿಸಬೇಕು ಅನ್ನೋ ಷರತ್ತಿನ ಮೇಲೆ.

ಕಾಕಾರ ಹತ್ತಿ ಏನಾಯಿತು ಅಂತ ಕೇಳುತ್ತೀರಿ. ಬೆಳೆ ಸಮೀಕ್ಷೆಯಲ್ಲಿ ನಮ್ಮ ಹೊಲದ ಮುಂದೆ ಏನು ದಾಖಲಾಗಿದೆ ಅಂತ ನೋಡಲು, ತಪ್ಪಿದ್ದರೆ ಆಕ್ಷೇಪಣೆ ಹಾಕಲು 'ಬೆಳೆ ದರ್ಶಕ' ಅನ್ನೋ ಆ್ಯಪ್ ಇದೆ ಅಂತ ಮೂರನೇ ದಿನ ನಮಗೆ ತಿಳಿಯಿತು. ಅದು ನಮಗೆ ಹೇಳಿದ್ದು ಪ್ರೊಫೆಸರ್ ಅಲ್ಲ, ಸಿರವಾರದ ಗೊಬ್ಬರದ ಅಂಗಡಿಯ ಹುಡುಗ. ಕಾಕಾರ ಮೊಬೈಲಿನಲ್ಲಿ ಜಾಗವಿಲ್ಲದೆ ಮದುವೆ ವಿಡಿಯೊ ಎರಡು ಅಳಿಸಿ ಆ್ಯಪ್ ಹಾಕಿದರು. ಆಕ್ಷೇಪಣೆ ಹಾಕಿದೆವು. ಜೊತೆಗೆ ಒಂದು ಅರ್ಜಿ ಕಾಗದದ ಮೇಲೂ ಬರೆದು ಕೊಟ್ಟು ಸ್ವೀಕೃತಿ ತೊಗೊಂಡರು. ಹೊಲದ ನಡುವೆ ನಿಂತು ಹತ್ತಿ ಕಾಯಿ ಕಾಣೋ ಹಾಗೆ, ಲೊಕೇಶನ್ ಆನ್ ಮಾಡಿ ತೆಗೆದ ನಾಲ್ಕು ಫೋಟೊ ಲಗತ್ತಿಸಿದರು. ಕೆಲ ದಿನ ಬಿಟ್ಟು ಮರುಪರಿಶೀಲನೆಗೆ ಬಂದರು, ಬೆಳೆಯ ಹೆಸರು ಬದಲಾಯಿತು. ವಿಮೆಯದ್ದು ಇನ್ನೂ ತಿಳಿದಿಲ್ಲ. ಈಗ ಬದುವಿನ ಆಚೆ ಕಡೆಯ ತೊಗರಿಯವರು ಫೋನ್ ಮಾಡಿದ್ದಾರೆ. ಅವರದ್ದು ಸ್ಕ್ರೀನ್ ಮೇಲೆ ಹತ್ತಿ ಅಂತ ಬಂದಿದೆಯಂತೆ.